ಯಾರೂ ಸರಿಸದ ಹಸಿರು ಬಾಣ

ತಾಯಿ ನಿಮಿಷಾಂಬೆಯನ್ನು ನಂಬಿ ನಡೆಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನನ್ನ ಕಷ್ಟ ಶುರುವಾದದ್ದು ತೋಳಿನ ಮೇಲಿನ ಒಂದು ಗುರುತಿನಿಂದ.

ಕಳೆದ ವರ್ಷ ನವರಾತ್ರಿ ಮುಗಿದ ವಾರ. ಸಿಯಾಟಲ್ ಪಕ್ಕದ ಲಿನ್‌ವುಡ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಕನ್ನಡಿಯಲ್ಲಿ ಕಂಡಿತು. ಎಡತೋಳಿನ ಮೇಲ್ಭಾಗದಲ್ಲಿ ನಾಲ್ಕು ಬೆರಳು ಹೊರಗಡೆ, ಹೆಬ್ಬೆರಳು ಒಳಗಡೆ. ಕಡು ನೇರಳೆ ಬಣ್ಣ. ಯಾರೋ ಹಿಂದಿನಿಂದ ಬಂದು ತೋಳು ಹಿಡಿದು ನನ್ನನ್ನು ಒಂದು ಕಡೆಗೆ ತಿರುಗಿಸಿದ ಹಾಗೆ. ನನ್ನ ಬಲಗೈಯನ್ನೇ ಅದರ ಮೇಲಿಟ್ಟು ನೋಡಿದೆ. ಕೂಡಲಿಲ್ಲ. ಆ ಬೆರಳುಗಳು ನನ್ನ ಬೆರಳಿಗಿಂತ ಉದ್ದ. ಒತ್ತಿದರೆ ನೋವೂ ಇರಲಿಲ್ಲ.

ನಮ್ಮ ಮನೆಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ನನ್ನ ಮಗಳ ಮಗಳು ನಿಧಿ. ಯಜಮಾನರು ಇಲ್ಲಿ ವಿಮಾನದ ಕಂಪನಿಯಲ್ಲಿ ಎಂಜಿನಿಯರಾಗಿದ್ದವರು; ಅವರು ಹೋಗಿ ವರ್ಷಗಳಾದವು. ಮಗಳು ಅಳಿಯ ಟೆಕ್ಸಾಸಿನಲ್ಲಿದ್ದಾರೆ. ನಿಧಿ ಡಾಕ್ಟರ್. ಡಾಕ್ಟರಾದ ಮೇಲೂ ಮತ್ತೆ ಸ್ಟೂಡೆಂಟ್. ರಕ್ತದ ಕಾಯಿಲೆಗಳಿಗೂ ಕ್ಯಾನ್ಸರಿಗೂ ಸ್ಪೆಷಲಿಸ್ಟ್ ಆಗಬೇಕಾದರೆ ಇನ್ನೂ ಕೆಲವು ವರ್ಷ ದೊಡ್ಡ ಡಾಕ್ಟರುಗಳ ಕೈಕೆಳಗೆ ಕಲಿಯಬೇಕು, ಹಾಗೆ ಕಲಿಯುವವರನ್ನು ಇಲ್ಲಿ ಫೆಲೋ ಅನ್ನುತ್ತಾರೆ. ಸಿಯಾಟಲ್‌ನ ಒಂದು ಆಸ್ಪತ್ರೆಯಲ್ಲಿ ಅವಳಿಗೆ ಆ ಟ್ರೈನಿಂಗ್ ಸಿಕ್ಕಿದಾಗ ಸೂಟ್‌ಕೇಸ್ ಹಿಡಿದು ನನ್ನ ಬಾಗಿಲಿಗೇ ಬಂದಳು. ಬೆಳಗಿನ ಮಂಜಿನಲ್ಲಿ ಲೈಟ್ ರೈಲ್ ಹತ್ತಿ ಹೋದರೆ ಮನೆ ಸೇರುವ ಹೊತ್ತಿಗೆ ಅವಳ ಮುಖ ನನಗಿಂತ ಮುದಿಯಾಗಿರುತ್ತಿತ್ತು.

ಗುರುತನ್ನು ಅವಳಿಗೆ ತೋರಿಸಿದೆ. ಬ್ಯಾಡ್ಜ್ ಹುಡುಕುತ್ತಲೇ ಕಣ್ಣಾಡಿಸಿದಳು. ವಯಸ್ಸಾದವರ ಚರ್ಮ ತೆಳು, ದಿನಾ ಆಸ್ಪಿರಿನ್ ಬೇರೆ ನುಂಗುತ್ತೀಯ, ಬೊಂಬೆಯ ಪೆಟ್ಟಿಗೆ ಎತ್ತುವಾಗ ತಗುಲಿರುತ್ತದೆ ಎಂದಳು. ಪಟ್ಟದ ಬೊಂಬೆಗಳನ್ನು ಇಳಿಸಿ ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದ್ದೆನೇನೋ ಹೌದು.

"ಬೊಂಬೆಗೆ ಇಷ್ಟುದ್ದ ಬೆರಳೆಲ್ಲಿರತ್ತೆ ಪುಟ್ಟಿ?" ಎಂದೆ.

"ಅಜ್ಜಿ, ದಟ್ಸ್ ಸೋ ಕ್ರೀಪಿ," ಎಂದು ನಕ್ಕು ಹೊರಟಳು.

ಅವಳನ್ನು ತಪ್ಪು ತಿಳಿಯಬೇಡಿ. ಆ ವಾರ ಅವಳ ಕಣ್ಣಿಗೇ ಕತ್ತಲೆ ಕವಿದಂತಾಗಿತ್ತು. ಆಸ್ಪತ್ರೆಯಲ್ಲಿ ಮಧ್ಯಾಹ್ನ ಫೆಲೋಗಳನ್ನು ಕೂರಿಸಿ ರೋಗಿಗಳ ರಕ್ತದ ಸ್ಲೈಡ್ ತೋರಿಸುತ್ತಾರಂತೆ. ಮೈಕ್ರೋಸ್ಕೋಪ್ ಒಂದೇ, ಆದರೆ ಮರಕ್ಕೆ ಕೊಂಬೆಯಿದ್ದ ಹಾಗೆ ಅದಕ್ಕೆ ಹಲವು ಜೊತೆ ಕಣ್ಣು. ಎಲ್ಲರೂ ಒಂದೇ ಸಲ ಒಂದೇ ಹನಿಯನ್ನು ನೋಡಬಹುದು. ಮುಖ್ಯ ಕುರ್ಚಿಯಲ್ಲಿ ಕಲಿಸುವ ದೊಡ್ಡ ಡಾಕ್ಟರಮ್ಮ. ಅವರ ಕೈಗೆ ಸಿಗುವ ಹಾಗೆ ಒಂದು ತಿರುಪು. ಅದನ್ನು ತಿರುಗಿಸಿದರೆ ಎಲ್ಲರ ಕಣ್ಣಿಗೂ ಒಂದು ಹಸಿರು ಬೆಳಕಿನ ಬಾಣ ಓಡಾಡುವುದು ಕಾಣುತ್ತದೆ. ಇದೇನು ಹೇಳಿ, ಅದೇನು ಹೇಳಿ ಎಂದು ಬಾಣದಲ್ಲೇ ಪ್ರಶ್ನೆ. ಯಾರ ರಕ್ತವೆಂದು ತಿಳಿಯದ ಹಾಗೆ ಹೆಸರಿನ ಮೇಲೆ ಟೇಪ್ ಅಂಟಿಸಿರುತ್ತಾರೆ. ನಿಧಿ ಎಲ್ಲರೆದುರು ಮತ್ತೆ ಮತ್ತೆ ತಪ್ಪು ಹೇಳಿದ್ದಳು.

"ಎಲ್ರಿಗೂ ಕಾಣತ್ತೆ, ಅಜ್ಜಿ. ನಂಗೆ ಜಸ್ಟ್ ಪಿಂಕ್ ಅಂಡ್ ಪರ್ಪಲ್," ಎಂದು ತಟ್ಟೆಯ ಮುಂದೆ ಅತ್ತಳು. ನೋಡುವುದೇ ಬಾರದವಳು ಈ ಕೆಲಸದಲ್ಲಿ ಇರಬಾರದು, ಬಿಟ್ಟುಬಿಡುತ್ತೇನೆ ಎಂದಳು.

ನಾನು ಮೈಸೂರಿನ ಕಾನ್ವೆಂಟಿನ ಕಥೆ ಹೇಳಿದೆ. ಇಡೀ ಕ್ಲಾಸಿಗೆ ಒಂದೇ ಮೈಕ್ರೋಸ್ಕೋಪ್. ಕಲಿಸುತ್ತಿದ್ದವರು ಸಿಸ್ಟರ್ ಅಗಾಥಾ, ಬೆಳ್ಳಗೆ ಎತ್ತರದ ಮುದುಕಿ. ಹಿಂದೆ ಬಂದು ನಿಂತದ್ದು ಗೊತ್ತೇ ಆಗುತ್ತಿರಲಿಲ್ಲ. ತೋಳು ಹಿಡಿದು ತಿರುಗಿಸಿ "ಲುಕ್ ಅಗೇನ್, ಚೈಲ್ಡ್" ಎನ್ನುತ್ತಿದ್ದರು. ಈರುಳ್ಳಿಯ ಸಿಪ್ಪೆಯಲ್ಲಿ ಸೆಲ್ ಕಂಡಿತೇ ಎಂದರೆ ನಾವೆಲ್ಲ ಯೆಸ್ ಸಿಸ್ಟರ್, ಯೆಸ್ ಸಿಸ್ಟರ್. ನನಗೆ ಕಂಡದ್ದು ನನ್ನದೇ ಕಣ್ಣಿನ ರೆಪ್ಪೆಗೂದಲು. ನಿಧಿ ಅಳುತ್ತಲೇ ನಕ್ಕಳು.

ಹೇಳಿ ಮುಗಿಸಿದ ಮೇಲೆ ನನಗೆ ಹೊಳೆಯಿತು. ಬೆರಳಿನ ಗುರುತು ಅದೇ ಜಾಗದಲ್ಲಿತ್ತು, ಸಿಸ್ಟರ್ ಹಿಡಿಯುತ್ತಿದ್ದ ಜಾಗದಲ್ಲಿ. ಅದನ್ನು ಅವಳಿಗೆ ಹೇಳಲಿಲ್ಲ.

ಎರಡು ದಿನ ಬಿಟ್ಟು ಕಾಲಿನ ಮೇಲೆ ಕುಂಕುಮ ಉದುರಿದ ಹಾಗೆ ಕೆಂಪು ಚುಕ್ಕಿ. ಪೂಜೆಯ ಕುಂಕುಮವೇ ಇರಬೇಕೆಂದು ಒದ್ದೆ ಬಟ್ಟೆಯಿಂದ ಒರೆಸಿದೆ; ಚರ್ಮದ ಒಳಗಿತ್ತು. ಹಲ್ಲುಜ್ಜಿದರೆ ಸಿಂಕ್ ಕೆಂಪಾಯಿತು. ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡ ರುಚಿ. ಈ ಸಲ ನಿಧಿ ನಗಲಿಲ್ಲ. ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ತಾನೇ ನನ್ನನ್ನು ಹತ್ತಿರದ ಕ್ಲಿನಿಕ್‌ಗೆ ಬಿಟ್ಟು ರೈಲು ಹತ್ತಿದಳು.

ಕ್ಲಿನಿಕ್‌ನಲ್ಲಿ ರಕ್ತ ತೆಗೆದರು. ಸಂಜೆ ಫೋನ್ ಬಂತು: ಪ್ಲೇಟ್‌ಲೆಟ್ ಕಡಿಮೆ ಇದೆ, ಔಷಧಿಯಿಂದಲೋ ವೈರಸ್‌ನಿಂದಲೋ ಆಗಿರಬಹುದು, ಆಸ್ಪಿರಿನ್ ನಿಲ್ಲಿಸಿ, ಮುಂದಿನ ವಾರ ಸ್ಪೆಷಲಿಸ್ಟ್ ಹತ್ತಿರ ಹೋಗಿ. ಆ ರಕ್ತವನ್ನು ಇನ್ನೊಮ್ಮೆ ನೋಡಲು ದೊಡ್ಡ ಲ್ಯಾಬಿಗೆ ಕಳಿಸಿದ್ದೇವೆ ಎಂದೂ ಹೇಳಿದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಮುಂದಿನ ವಾರ ಎಂಬ ಮಾತು ಕೇಳಿ ನಿಧಿ ಸ್ವಲ್ಪ ಉಸಿರು ಬಿಟ್ಟಳು, ಆದರೂ ಬೇಗ ನೋಡಿಸುತ್ತೇನೆ ಎಂದಳು. ನನಗೆ ಮಾತ್ರ ಮುಂದಿನ ವಾರ ಎನ್ನುವುದು ಹೊಳೆಯ ಆಚೆ ದಡದ ಹಾಗೆ ಕಂಡಿತು.

ಮರುದಿನ ಮಧ್ಯಾಹ್ನ. ಕಿಟಕಿಯ ಹೊರಗೆ ಮಂಜು. ಎದುರಿನ ಬಿಲ್ಡಿಂಗೇ ಇರಲಿಲ್ಲ. ಕುಕ್ಕರ್ ಒಲೆಯ ಮೇಲಿತ್ತು. ನಮ್ಮ ದೇವರು ಅಡುಗೆಮನೆಯ ಕಪಾಟಿನಲ್ಲಿದ್ದಾಳೆ. ಸ್ಮೋಕ್ ಅಲಾರಂ ಕೂಗುತ್ತದೆಂದು ಬ್ಯಾಟರಿಯ ದೀಪ; ಗಂಜಾಂನ ನಿಮಿಷಾಂಬೆಯ ಗುಡಿಯಿಂದ ತಂಗಿ ತಂದುಕೊಟ್ಟ ನಿಂಬೆಹಣ್ಣು ಒಣಗಿ ಕಲ್ಲಾಗಿ ಕೂತಿದೆ. ಕಪಾಟಿನ ಬಾಗಿಲು ತೆಗೆದು ನಿಂತೆ.

ಸತ್ಯ ಹೇಳುತ್ತೇನೆ, ನನಗಾಗಿ ಕೇಳಬೇಕೆಂದೇ ನಿಂತದ್ದು. ಆದರೆ ಬಾಯಿಗೆ ಬಂದದ್ದು ಬೇರೆ. "ತಾಯಿ, ಈ ಮಗೂಗೆ ತೋರಿಸು" ಎಂದೆ. ಅಷ್ಟೇ. ಏನು ತೋರಿಸಬೇಕೆಂದು ನನಗೇ ಗೊತ್ತಿರಲಿಲ್ಲ. ನಿಧಿಯ ಅಳುವ ಮುಖವೊಂದೇ ಕಣ್ಣ ಮುಂದೆ ಇತ್ತು.

ಆಗ ಎಡತೋಳನ್ನು ಹಿಡಿದಂತಾಯಿತು.

ಗುರುತಿದ್ದ ಜಾಗದಲ್ಲೇ, ಅದೇ ಬೆರಳುಗಳು. ತಣ್ಣಗಿದ್ದವು, ಬಿಗಿಯಾಗಿದ್ದವು, ನೋಯಿಸಲಿಲ್ಲ. ನನ್ನನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿದವು. ಬಲಗಡೆ ಬರೀ ಗೋಡೆ. ನಾನು ಹಿಂದಿರುಗಿ ನೋಡಲಿಲ್ಲ. ಭಯವಾಗಿತ್ತು ಎಂದರೆ ಸಾಲದು, ಹಾಗೆ ಹಿಡಿದಾಗ ಹಿಂದಿರುಗಿ ನೋಡಬಾರದೆಂದು ಕಾನ್ವೆಂಟಿನ ದಿನಗಳಿಂದ ಮೈಗೆ ಗೊತ್ತು. ಫ್ರಿಜ್ಜಿನ ಗುಂಯ್ ಸದ್ದು ನಿಂತಿತ್ತು. ಕುದಿಯುತ್ತಿದ್ದ ಕುಕ್ಕರ್ ಕೂಡ ಉಸಿರು ಹಿಡಿದಿತ್ತು. ಒಂದು ನಿಮಿಷ ಇದ್ದಿರಬಹುದು. ಆಮೇಲೆ ಬೆರಳುಗಳು ಒಂದೊಂದಾಗಿ ಬಿಟ್ಟವು, ಹೆಬ್ಬೆರಳು ಕೊನೆಗೆ. ಕುಕ್ಕರ್ ಕೂಗಿತು.

ನಾನು ಕುರ್ಚಿಯಲ್ಲಿ ಕೂತು ಹುರುಳಿಕಾಯಿ ಹೆಚ್ಚತೊಡಗಿದೆ. ಸ್ವಲ್ಪ ಹೊತ್ತಿಗೆ ಫೋನ್. ನಿಧಿ. ಹುಟ್ಟಿದಾಗಿನಿಂದ ನನ್ನ ಹತ್ತಿರ ಅರ್ಧ ಇಂಗ್ಲಿಷ್ ಮಾತಾಡಿದವಳು ಅವತ್ತು ಅಚ್ಚ ಕನ್ನಡದಲ್ಲಿ ಶುರುಮಾಡಿದಳು.

"ಅಜ್ಜಿ, ಏನ್ ಮಾಡ್ತಿದೀಯ?"

"ಹುರುಳಿಕಾಯಿ ಹೆಚ್ತಿದೀನಿ."

"ಚಾಕು ಕೆಳಗಿಡು. ಮೆಲ್ಲಗೆ. ಏಳ್ಬೇಡ, ಓಡಾಡ್ಬೇಡ, ಹಲ್ಲುಜ್ಜಬೇಡ. ಆಂಬುಲೆನ್ಸ್ ಬರತ್ತೆ. ಬಾಗ್ಲು ತೆಗಿಯಕ್ ಮಾತ್ರ ಏಳು."

ನಡೆದದ್ದನ್ನು ಆಮೇಲೆ ಅವಳೇ ಬಿಡಿಬಿಡಿಯಾಗಿ ಹೇಳಿದಳು. ಆ ಮಧ್ಯಾಹ್ನ ಮೈಕ್ರೋಸ್ಕೋಪ್ ಕೋಣೆಯಲ್ಲಿದ್ದವರು ಮೂವರು: ದೊಡ್ಡ ಡಾಕ್ಟರಮ್ಮ, ನಿಧಿ, ಅವಳ ಜೊತೆಯ ಫೆಲೋ ಡೇನಿಯಲ್. ಆ ಆಸ್ಪತ್ರೆಯ ಲ್ಯಾಬಿಗೆ ಹೊರಗಿನ ಕ್ಲಿನಿಕ್‌ಗಳಿಂದ ಬಂದಿದ್ದ ಸ್ಲೈಡುಗಳಲ್ಲಿ ಒಂದನ್ನು ಟೇಪ್ ಅಂಟಿಸಿ ಇಟ್ಟಿದ್ದರು. ಪ್ಲೇಟ್‌ಲೆಟ್ ಕಡಿಮೆ, ಬೇರೇನಾದರೂ ಇದೆಯೇ ನೋಡಿ ಎನ್ನುವಷ್ಟರಲ್ಲಿ ಡಾಕ್ಟರಮ್ಮನಿಗೆ ಕರೆ ಬಂದು ಕಾರಿಡಾರಿಗೆ ಹೋದರು. ಮುಖ್ಯ ಕುರ್ಚಿ ಖಾಲಿಯಾಯಿತು. ಇಬ್ಬರೂ ತಮ್ಮತಮ್ಮ ಕೊಂಬೆಯಲ್ಲಿ ಕಣ್ಣಿಟ್ಟು ಕೂತರು. ನಿಧಿಗೆ ಮತ್ತೆ ಅದೇ ಪಿಂಕ್, ಪರ್ಪಲ್.

ಆಗ ಬಾಣ ಸರಿಯಿತು. ನಡುವಿನಿಂದ ಮೆಲ್ಲಗೆ ಬಲಕ್ಕೆ ಹೋಗಿ, ಅಂಚಿನಲ್ಲಿ ಅರ್ಧ ಮರೆಯಾಗಿದ್ದ ಒಂದು ಕಣದ ಮೇಲೆ ನಿಂತಿತು. ಆ ಕಣದೊಳಗೆ ಸೌದೆಯ ಹೊರೆ ಕಟ್ಟಿದ ಹಾಗೆ ಸಣ್ಣ ಸಣ್ಣ ಕಡ್ಡಿಗಳ ಕಟ್ಟು. ನಿಧಿಗೆ ಕಂಡಿತು. ಹೆಸರು ಬಾಯಿಗೆ ಬಂತು. ಅದು ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲೇ ಒಂದು ಬಗೆ. ಬೇಗ ಔಷಧಿ ಕೊಟ್ಟರೆ ಬಹಳ ಮಂದಿ ಉಳಿಯುತ್ತಾರೆ, ತಡಮಾಡಿದರೆ ಮಿದುಳಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಸುರಿದು ಹೋಗಿಬಿಡುತ್ತಾರೆ.

ಬಾಣ ತೋರಿಸಿದ್ದಕ್ಕೆ ಅವಳು ಡೇನಿಯಲ್‌ಗೆ ಥ್ಯಾಂಕ್ಸ್ ಎಂದಳಂತೆ. ಅವನು ತಲೆಯೆತ್ತಿ, ನೀನೇ ತಾನೆ ಸರಿಸಿದ್ದು ಎಂದನಂತೆ. ಇಬ್ಬರ ಕೈಗಳೂ ತಮ್ಮತಮ್ಮ ತೊಡೆಯ ಮೇಲಿದ್ದವು. ತಿರುಪು ಇರುವುದು ಖಾಲಿ ಕುರ್ಚಿಯ ಮುಂದೆ ಮಾತ್ರ.

ಡಾಕ್ಟರಮ್ಮ ಓಡಿಬಂದು ನೋಡಿದರು. ಈ ರೋಗಿಗೆ ಈಗಲೇ ಔಷಧಿ ಶುರುವಾಗಬೇಕು, ಖಚಿತವಾಗುವ ತನಕ ಕಾಯುವ ಹಾಗಿಲ್ಲ, ಯಾರದು ನೋಡು ಎಂದರು. ಟೇಪ್ ಕಿತ್ತವಳು ನಿಧಿ. ಅಡಿಯಲ್ಲಿ ನನ್ನ ಹೆಸರು, ಅದರ ಜೊತೆಗೆ ಅವಳ ತಾತನ ಹೆಸರು.

ಆಸ್ಪತ್ರೆಯ ಮೊದಲ ದಿನಗಳನ್ನು ಹೆಚ್ಚು ಬರೆಯಲಾರೆ. ಮೂಗಿನಿಂದ ಸುರಿದ ರಕ್ತ ನಿಲ್ಲಲಿಲ್ಲ. ಚೀಲಗಟ್ಟಲೆ ಪ್ಲೇಟ್‌ಲೆಟ್ ಹರಿಸಿದರು, ನೋಡಲು ಮಾವಿನ ರಸದ ಹಾಗೆ. ಉಸಿರಿಗೂ ಕಷ್ಟವಾಯಿತು. ಒಂದು ಬೆಳಿಗ್ಗೆ ಮಗಳು ಬಾಗಿಲಲ್ಲಿ ನಿಂತದ್ದು ಕಂಡಾಗ, ಇವಳನ್ನು ಕರೆಸಿಕೊಂಡಿದ್ದಾರೆ ಅಂದರೆ ನನ್ನ ಕಾಲ ಬಂತು ಎಂದುಕೊಂಡೆ. ಆ ಹೊತ್ತಿಗೆ ನನ್ನ ಕೈಗೆ ಸೂಜಿ ಚುಚ್ಚಲು ಜಾಗವೇ ಇರಲಿಲ್ಲ, ಮೈಯೆಲ್ಲ ನೇರಳೆ. ಆದರೆ ತೋಳಿನ ಮೇಲಿನ ಐದು ಬೆರಳು ಮಾತ್ರ ಬೇರೆ ಯಾವ ಕಲೆಯ ಜೊತೆಗೂ ಕಲಸಿಹೋಗದೆ ಬರೆದಂತೆ ನಿಂತಿದ್ದವು. ನರ್ಸ್ ಒಬ್ಬಳು ಅದನ್ನು ನೋಡಿ, ನಿಮ್ಮನ್ನು ಮನೆಯಲ್ಲಿ ಯಾರಾದರೂ ಒರಟಾಗಿ ಹಿಡಿಯುತ್ತಾರೆಯೇ ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಒರಟಾಗಿ ಇಲ್ಲ ಎಂದೆ.

ಔಷಧಿ ಎಂದರೆ ವಿಟಮಿನ್ ಎ ಕುಲದ ಒಂದು ಗುಳಿಗೆ, ಜೊತೆಗೆ ಆರ್ಸೆನಿಕ್‌ನ ಡ್ರಿಪ್. ಆರ್ಸೆನಿಕ್ ಅಂದರೆ ನಮ್ಮ ಪಾಷಾಣವೇ.

"ಅಮ್ಮ, ನಿಂಗೆ ಇಲಿ ಪಾಷಾಣ ಕೊಡ್ತಾರಂತೆ," ಎಂದಳು ಮಗಳು ಗಾಬರಿಯಿಂದ.

"ಕೊಡ್ಲಿ ಬಿಡೆ. ನಿನ್ನ ಬಿಸಿಬೇಳೆಭಾತ್ ತಿಂದು ಬದುಕಿದವಳು ನಾನು," ಎಂದೆ. ಅವಳು ಅತ್ತದ್ದು ಆಗಲೇ.

ಸ್ವಂತದವರಿಗೆ ಚಿಕಿತ್ಸೆ ಮಾಡಬಾರದೆಂಬ ನಿಯಮದಿಂದ ನಿಧಿ ಬರೀ ಮೊಮ್ಮಗಳಾಗಿ ಪಕ್ಕದಲ್ಲಿ ಕೂರುತ್ತಿದ್ದಳು. ನನ್ನನ್ನು ದಿನಾ ನೋಡಲು ಬರುತ್ತಿದ್ದವನು ಡೇನಿಯಲ್. ಸ್ವಲ್ಪ ಚೇತರಿಸಿಕೊಂಡ ಮೇಲೆ ಒಂದು ದಿನ ಅವನೊಬ್ಬನೇ ಬಂದಾಗ ಬಾಣದ ವಿಷಯ ಕೇಳಿಯೇಬಿಟ್ಟೆ. ಸ್ಟೆತಸ್ಕೋಪ್ ಮಡಿಸುತ್ತಾ ಕಿಟಕಿಯ ಕಡೆ ನೋಡಿದ. ತಾನು ಕ್ರಿಸ್‌ಮಸ್ಸಿಗೆ ಮಾತ್ರ ಚರ್ಚಿಗೆ ಹೋಗುವವನು, ಅದೂ ತಾಯಿಯ ಕಾಟಕ್ಕೆ ಎಂದ. ಆಮೇಲೆ ತನ್ನ ಇಂಗ್ಲಿಷಿನಲ್ಲಿ ಹೇಳಿದ ಮಾತನ್ನು ನಾನು ಕನ್ನಡದಲ್ಲಿ ಬರೆಯುತ್ತೇನೆ.

"ಕುರ್ಚೀಲಿ ಯಾರೂ ಇರ್ಲಿಲ್ಲ, ಮ್ಯಾಮ್. ಆದ್ರೆ ಡಾಕ್ಟರ್ ಎದ್ದು ಹೋದಾಗ ಅದು ಬಾಗಿಲ ಕಡೆ ತಿರುಗಿತ್ತು. ನಾನು ತಲೆ ಎತ್ತಿದಾಗ ನಿಧಿ ಕಡೆ ತಿರುಗಿತ್ತು."

ಹೇಳಿ, ನನ್ನ ನಾಡಿ ಇನ್ನೊಮ್ಮೆ ಹಿಡಿದು ನೋಡಿ ಹೋದ. ನಾಡಿ ಆಗಲೇ ನೋಡಿಯಾಗಿತ್ತು.

ನಿಧಿಯನ್ನು ಕೇಳಿದರೆ, ತಿರುಪು ಲೂಸ್ ಇದ್ದಿರಬಹುದು, ತಾನಾಗಿ ಜಾರಿರಬಹುದು ಎನ್ನುತ್ತಾಳೆ. ಇರಬಹುದು, ನಾನು ವಾದ ಮಾಡುವುದಿಲ್ಲ. ಲೂಸಾದ ತಿರುಪಿಗೂ ಯಾವ ಕಡೆ ಜಾರಬೇಕೆಂದು ಯಾರೋ ಹೇಳಬೇಕಲ್ಲ. ಮಗುವಿಗೆ ತೋರಿಸು ಎಂದೆ, ತಾಯಿ ತೋರಿಸಿದಳು. ನನ್ನನ್ನೇ ತೋರಿಸಿದಳು. ಅವಳು ನನ್‌ಗಳ ಬಿಳಿಯ ನಿಲುವಂಗಿ ತೊಟ್ಟು ಸಿಸ್ಟರ್ ಅಗಾಥಾ ಆಗಿ ಬಂದಳೋ, ಅವಳು ಕಳಿಸಿ ಸಿಸ್ಟರ್ ಅಗಾಥಾ ಬಂದರೋ ನನಗೆ ತಿಳಿಯದು. ಗಂಜಾಂನ ಗುಡಿಗೂ ನಮ್ಮ ಕಾನ್ವೆಂಟಿನ ಚಾಪೆಲ್‌ಗೂ ಒಂದೇ ಸೀರೆಯಲ್ಲಿ ಹೋಗಿ ಕೈಮುಗಿದವಳು ನಾನು. ಮೇಲಿನವರಿಗೆ ನನ್ನ ವಿಳಾಸದಲ್ಲಿ ಗೊಂದಲವೇನೂ ಇರಲಿಕ್ಕಿಲ್ಲ.

ಈಗ ನನ್ನ ಮಜ್ಜೆಯಲ್ಲಿ ಆ ಕಣ ಒಂದೂ ಕಾಣುತ್ತಿಲ್ಲ ಎಂದಿದ್ದಾರೆ. ನಿಧಿ ಟ್ರೈನಿಂಗ್ ಬಿಡಲಿಲ್ಲ. ಅವಳು ಪೂಜೆಯ ಕಪಾಟಿನ ಹತ್ತಿರ ಬರುವವಳಲ್ಲ, ಈಗಲೂ ಬರುವುದಿಲ್ಲ. ಆದರೆ ಮೊನ್ನೆ ಊಟದ ಹೊತ್ತಿಗೆ ತಾನಾಗಿಯೇ ಒಂದು ಮಾತು ಹೇಳಿದಳು. ಹೊಸ ಸ್ಲೈಡ್ ಇಟ್ಟಾಗ ಅವಳೂ ಡೇನಿಯಲ್ಲೂ ಮೊದಲ ಒಂದು ನಿಮಿಷ ಮುಖ್ಯ ಕುರ್ಚಿಯಲ್ಲಿ ಕೂರುವುದಿಲ್ಲವಂತೆ, ಬಾಣವನ್ನೂ ಮುಟ್ಟುವುದಿಲ್ಲವಂತೆ. ಸುಮ್ಮನೆ ನೋಡುತ್ತಾರಂತೆ.

"ಯಾಕೆ ಪುಟ್ಟಿ?" ಎಂದೆ.

"ಸುಮ್ನೆ, ಅಜ್ಜಿ," ಎಂದು ಸಾರಿಗೆ ಕೈ ಚಾಚಿದಳು. "ಜಸ್ಟ್ ಇನ್ ಕೇಸ್."

ತೋಳಿನ ಗುರುತು ನೇರಳೆಯಿಂದ ಹಸಿರಾಗಿ, ಹಸಿರಿನಿಂದ ಅರಿಶಿನವಾಗಿ ಅಳಿಸಿಹೋಯಿತು. ಹೆಬ್ಬೆರಳು ಕೊನೆಗೆ ಹೋದದ್ದು. ಹೋದ ದಿನ ನನಗೆ ತವರಿನಿಂದ ಬಂದವರನ್ನು ಬಸ್ಸು ಹತ್ತಿಸಿದ ಹಾಗೆ ಬೇಜಾರಾಯಿತು. ಕಷ್ಟದಲ್ಲಿರುವವರು ದಯವಿಟ್ಟು ಧೈರ್ಯಗೆಡಬೇಡಿ. ನಮ್ಮನ್ನು ಹೆದರಿಸುವ ಗುರುತೇ ನಮ್ಮನ್ನು ಹಿಡಿದಿರುವ ಕೈ ಆಗಿರಬಹುದು. ತಾಯಿಗೆ ಕೋಟಿ ನಮಸ್ಕಾರ. ಈಗ ಮಂಜಿನ ಬೆಳಿಗ್ಗೆ ನಿಧಿಯನ್ನು ಬಿಡಲು ಸ್ಟೇಷನ್ ತನಕ ನಡೆದುಹೋಗುತ್ತೇನೆ. ಒಬ್ಬಳೇ ಹಿಂದಿರುಗಿ ಬರುವಾಗ ಎಡಗೈಯನ್ನು ಮೈಗೆ ಒತ್ತಿಕೊಳ್ಳುವುದಿಲ್ಲ. ಹಿಡಿಯುವವರಿಗೆ ಜಾಗ ಬಿಟ್ಟು ನಡೆಯುತ್ತೇನೆ.