ಮರೆಪ್ಪ ಸರ್ ತಮ್ಮ ಗಾಡಿ ಬಿಚ್ಚಿಸಿದ್ದು

ಯಾರಾದರೂ ಹೊಸ ಕಾರು ತಂದರೆ ಮಂದಿ ಅದನ್ನು ಮುಂದಿನಿಂದ ನೋಡುತ್ತಾರೆ. ದೀಪ ಹೇಗಿದೆ, ಗಾಜು ಹೇಗಿದೆ, ಒಳಗಿನ ಪರದೆ ಎಷ್ಟು ದೊಡ್ಡದು ಎಂದು. ಮರೆಪ್ಪ ಸರ್ ಸೀದಾ ಹಿಂದಕ್ಕೆ ಹೋಗುತ್ತಿದ್ದರು. "ಡಿಕ್ಕಿ ತಗೀರಿ" ಎನ್ನುತ್ತಿದ್ದರು. ತೆಗೆದ ಮೇಲೆ ಅರ್ಧ ಮೈ ಒಳಗೆ ಹಾಕಿ, ಹಿಂದಿನ ಸೀಟಿನ ಬೆನ್ನಿಗೆ ಆ ಕಡೆಯಿಂದ ಬೆರಳು ಮಡಿಸಿ ಬಡಿದು ನೋಡುತ್ತಿದ್ದರು. ಗಟ್ಟಿ ಸಪ್ಪಳ ಬಂದರೆ ತಲೆ ಆಡಿಸುತ್ತಿದ್ದರು. ಹಿಂಬಾಗಿಲು ಎತ್ತಿದರೆ ಸೀಟೇ ಕಾಣುವಂಥ ಗಾಡಿಯಾದರೆ ಕೈ ಝಾಡಿಸಿಕೊಂಡು ಚಹಾದ ಅಂಗಡಿಗೆ ನಡೆದುಬಿಡುತ್ತಿದ್ದರು. ಗಾಡಿ ತಂದವನ ಮುಖ ಸಣ್ಣದಾಗುತ್ತಿತ್ತು. ನನಗೆ ನಗು ಬರುತ್ತಿತ್ತು.

ನಾವು ಮೂವರು ಶಹಾಪುರದಿಂದ ಸುರಪುರಕ್ಕೆ ದಿನಾ ಹೋಗಿ ಬರುವ ಹೈಸ್ಕೂಲ್ ಮಾಸ್ತರರು. ನಾನು ಗಣಿತ, ಮರೆಪ್ಪ ಸರ್ ವಿಜ್ಞಾನ, ಗುರುನಾಥ ಸರ್ ಹಿಂದಿ. ಬಸ್ಸಿನಲ್ಲಿ ನಿಂತು ನಿಂತು ಸಾಕಾಗಿ ಗಾಡಿಗೆ ಪಾಳಿ ಹಚ್ಚಿದ್ದೆವು. ಒಂದು ವಾರ ಒಬ್ಬರ ಗಾಡಿ. ಹೀಗಾಗಿ ಮೂವರಿಗೂ ಮೂವರ ಗಾಡಿಯ ಹೊಟ್ಟೆಯೊಳಗಿನ ಹುಳುಕು ಗೊತ್ತಿತ್ತು, ಮತ್ತು ದಾರಿಯುದ್ದಕ್ಕೂ ಬೇರೆ ಮಾತೇ ಇರುತ್ತಿರಲಿಲ್ಲ. ಗುರುನಾಥ ಸರ್ ಅವರದು ಕೊರಿಯಾದ ಕಂಪನಿಯ ಸೆಡಾನ್. ಹಿಂದಿನ ಸೀಟಿಗೂ ಎಸಿ ಗಾಳಿ ಬರುತ್ತದೆ ಎಂಬುದನ್ನು ಅವರು ವಾರಕ್ಕೆ ಎರಡು ಸಲವಾದರೂ ನೆನಪಿಸುತ್ತಿದ್ದರು. ಮರೆಪ್ಪ ಸರ್ ಅವರದು ಮತ್ತು ನನ್ನದು ಒಂದೇ ಕಂಪನಿ, ಒಂದೇ ಮಾದರಿ. ನನಗೆ ಆ ಗಾಡಿ ಕೊಡಿಸಿದ್ದೂ ಅವರೇ. ಶೋರೂಮಿಗೆ ಜೊತೆಗೆ ಬಂದು, ಡಿಕ್ಕಿ ಬಡಿದು ನೋಡಿ, "ಇದನ್ನ ತಗೋರಿ ಸರ್, ಕಣ್ಮುಚ್ಚಿ ತಗೋರಿ" ಅಂದಿದ್ದರು. ನಾನು ಖರೇನೇ ಕಣ್ಣು ಮುಚ್ಚಿ ತೆಗೆದುಕೊಂಡೆ.

ಅವರ ಗಾಡಿಯಲ್ಲಿ ಒಂದು ಕಾಯಿದೆ ಇತ್ತು. ಸೀಟಿನ ಮೇಲೆ ಚೀಲ ಇಡುವ ಹಾಗಿಲ್ಲ. ಊಟದ ಡಬ್ಬಿಯೂ ಡಿಕ್ಕಿಗೇ ಹೋಗಬೇಕು. "ಸೀಟು ಮಂದೀಗಿ, ಡಿಕ್ಕಿ ಸಾಮಾನಿಗಿ" ಎನ್ನುತ್ತಿದ್ದರು. ಒಂದು ಸಲ ಹತ್ತಿಗೂಡೂರ ಕ್ರಾಸಿನಲ್ಲಿ ಒಬ್ಬ ಮುದುಕಿ ತೊಗರಿ ಕಟ್ಟಿಗೆಯ ಹೊರೆ ಇಟ್ಟುಕೊಂಡು ನಿಂತಿದ್ದಳು. ಮರೆಪ್ಪ ಸರ್ ಗಾಡಿ ನಿಲ್ಲಿಸಿ, ಹೊರೆಯನ್ನು ತಾವೇ ಎತ್ತಿ ಡಿಕ್ಕಿಗೆ ಹಾಕಿದರು. ಅಷ್ಟು ಚೊಕ್ಕ ಇಟ್ಟಿದ್ದ ಡಿಕ್ಕಿ ಅದು. ಮುದುಕಿ ಒಳಗೆ ಬಂದವಳು ಸೀಟಿನ ಮೇಲೆ ಕೂಡಲಿಲ್ಲ. ನಮ್ಮ ಕಾಲ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತಳು.

"ಯವ್ವಾ, ಮ್ಯಾಲ ಕುಂದರು."

"ಅರಿವಿ ಹೊಲಸ ಆಗ್ಯಾವಪ್ಪ. ಇಲ್ಲೇ ಕುಂದರ್ತೀನಿ."

"ನೀ ಮ್ಯಾಲ ಕುಂದರೋ ತನಕ ಗಾಡಿ ಬಿಡಂಗಿಲ್ಲ."

ಮತ್ತು ಬಿಡಲೇ ಇಲ್ಲ. ಇಂಜಿನ್ ಬಂದ್ ಮಾಡಿ, ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕುಳಿತರು. ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಾಗಿತ್ತು. ಗುರುನಾಥ ಸರ್ ಗಡಿಯಾರ ನೋಡಿಕೊಳ್ಳುತ್ತಿದ್ದರು. ಕೊನೆಗೆ ಮುದುಕಿ ಅಂಜುತ್ತ ಅಂಜುತ್ತ ಸೀಟಿನ ಅಂಚಿಗೆ ಕುಳಿತಳು. ಅವತ್ತು ಮೂವರೂ ಹೆಡ್‌ಮಾಸ್ತರರಿಂದ ಅನ್ನಿಸಿಕೊಂಡೆವು.

ಅದೇ ವಾರ ಒಂದು ಸಂಜೆ ವಾಪಸು ಬರುವಾಗ ನಾವಿಬ್ಬರೇ ಇದ್ದೆವು. ನಾನು ತಮಾಷೆಗೆ ಡಿಕ್ಕಿಯ ಮಾತು ತೆಗೆದೆ. ಅವರು ರಸ್ತೆ ನೋಡುತ್ತಲೇ ಹೇಳಿದರು.

"ನಮ್ಮಪ್ಪ ಕಕ್ಕೇರಾ ಕಡೆ ಒಬ್ಬ ಗೌಡರ ಹೊಲದಾಗ ದುಡೀತಿದ್ದ ಸರ್. ಗೌಡರದೊಂದು ಜೀಪಿತ್ತು. ಸುರಪುರ ಸಂತಿಗಿ ಹೋಗಬೇಕಾದ್ರ ನಮ್ಮಪ್ಪ ಹಿಂದ, ಗೊಬ್ಬರದ ಚೀಲದ ಮ್ಯಾಲ. ಮುಂದ ಜಾಗ ಖಾಲಿ ಇದ್ರೂ ಅಷ್ಟೇ. ನಾ ಸಣ್ಣಾಂವ, ಒಂದಿನ ಕೇಳಿದೆ, ಯಪ್ಪಾ, ನಾವೂ ಸಾಮಾನೇನು ಅಂತ. ನಮ್ಮಪ್ಪ ನಕ್ಕುಬಿಟ್ಟ. ಅದಕ್ಕ ನಂಗ ಸಾಮಾನಿಗಿ ಬ್ಯಾರೇನ ಖೋಲಿ ಇರೋ ಗಾಡಿ ಬೇಕಿತ್ತು. ನಡಕ ಗ್ವಾಡಿ ಇರಬೇಕು, ಗಟ್ಟೀದು."

ನಮ್ಮದು ಅಂಗಡಿ ಮನೆತನ. ಸಾಮಾನು ತರುವ ಗಾಡಿ ನಮ್ಮಲ್ಲೂ ಒಂದಿತ್ತು. ಹಮಾಲರು ಅದರಲ್ಲಿ ಎಲ್ಲಿ ಕೂಡುತ್ತಿದ್ದರು ಎಂದು ನಾನು ಯಾವತ್ತೂ ಕೇಳಿದವನಲ್ಲ. ಅವತ್ತು ಅದನ್ನು ಅವರಿಗೆ ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಹೇಳಬೇಕಾದ ಹೊತ್ತಿಗೆ ಬಾಯಿ ಕಟ್ಟಿಕೊಳ್ಳುವುದು ನನ್ನ ಹಳೆಯ ರೋಗ.

ಆಮೇಲೆ ನಮ್ಮಿಬ್ಬರ ಗಾಡಿಯ ಕಂಪನಿ ದೇಶ ಬಿಟ್ಟು ಹೋಯಿತು. ಸುದ್ದಿಯನ್ನು ಫೋನಿನಲ್ಲಿ ಮೊದಲು ತೋರಿಸಿದವರು ಗುರುನಾಥ ಸರ್, ಮದುವೆ ಪತ್ರಿಕೆ ಕೊಡುವವರ ಮುಖ ಮಾಡಿಕೊಂಡು. ಕಾರ್ಖಾನೆ ಮುಚ್ಚಿತು, ಕಲಬುರಗಿಯ ಶೋರೂಮಿನ ಬೋರ್ಡು ಇಳಿಯಿತು. ಅಲ್ಲಿಂದ ಮುಂದೆ ದಾರಿಯ ವಾದಕ್ಕೆ ಹೊಸ ಕಳೆ ಬಂತು. ಮರೆಪ್ಪ ಸರ್ ತಮ್ಮ ಗಾಡಿಯ ತಗಡು ಎಷ್ಟು ದಪ್ಪ, ರಸ್ತೆಯ ಉಬ್ಬಿನ ಮೇಲೆ ಹೇಗೆ ತಳ ತಾಗದೆ ದಾಟುತ್ತದೆ ಎಂದು ಹೇಳಿದರೆ ಗುರುನಾಥ ಸರ್ ಹಿಂದಿನ ಸೀಟಿನಿಂದ, "ಹೌದ್ರಿ, ಸತ್ತ ಎಮ್ಮಿ ಹಾಲು ಬಾಳ ಕರೀತಿತ್ತಂತ" ಎನ್ನುತ್ತಿದ್ದರು.

"ಕಂಪನಿ ಹೋಗ್ಯಾದ್ರಿ, ಗಾಡಿ ಎಲ್ಲಿ ಹೋಗ್ಯಾದ? ಅವ್ವಪ್ಪ ಸತ್ರ ಮಗನ್ನ ಮನಿಯಿಂದ ಹೊರಗ ಹಾಕ್ತಾರೇನು?" ಎಂದು ಮರೆಪ್ಪ ಸರ್.

ವಾದದಲ್ಲಿ ಅವರು ಸೋಲುತ್ತಿರಲಿಲ್ಲ. ಆದರೆ ಬಿಡಿಭಾಗ ಸಿಗುವುದು ಕಡಿಮೆಯಾಗುತ್ತ ಬಂತು. ಒಂದು ಕನ್ನಡಿಗೆ ಹೈದರಾಬಾದಿನಿಂದ ಎರಡು ತಿಂಗಳು ಕಾದೆ. ಆಗಲೇ ಒಂದು ಮಧ್ಯಾಹ್ನ ಸುರಪುರದ ಚಹಾದಂಗಡಿಯಲ್ಲಿ ಅವರು ನನ್ನ ಮುಂದೆ ಅಂಗೈ ಚಾಚಿದ್ದು.

"ಸರ್, ಶಹಾಪುರ, ಸುರಪುರ ಎರಡೂ ಊರಾಗ ಇಂಥಾ ಗಾಡಿ ನಮ್ಮವೆರಡೇ ಅವ. ಯಾರು ಮೊದಲು ಗಾಡಿ ಹೊಡಿಯೋದು ಬಿಡ್ತಾರೋ, ಅವರ ಗಾಡಿ ಇನ್ನೊಬ್ಬರದು. ಮಾರಂಗಿಲ್ಲ. ಬಿಚ್ಚಿ ಹಾಕ್ಕೋಬೇಕು. ಒಂದರೆ ನಡೀಲಿ. ಮಾತು ಆಡಿದರ ಹೋತು, ಮುತ್ತು ಒಡದರ ಹೋತು. ಏನಂತೀರಿ?"

ನಾನು ಅವರ ಕೈ ಮೇಲೆ ಕೈ ಇಟ್ಟೆ. ಗುರುನಾಥ ಸರ್ ಸಾಕ್ಷಿ. ನಕ್ಕೆವು, ಇನ್ನೊಂದು ಚಹಾ ಹೇಳಿದೆವು.

ಮರೆಪ್ಪ ಸರ್ ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಎಡಗಾಲಿನ ಹೆಬ್ಬೆರಳಿಗೆ ಆದ ಒಂದು ಗಾಯ ಮಾಯಲಿಲ್ಲ. ಕಲಬುರಗಿಯ ದವಾಖಾನೆಯಲ್ಲಿ ಮೊದಲು ಬೆರಳು ತೆಗೆದರು, ಆಮೇಲೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು. ಆ ಬೇಸಿಗೆಯಲ್ಲೇ ನನ್ನ ಗಾಡಿ ಹೆಂಡತಿ, ಅತ್ತೆ, ಮಾವ ಎಲ್ಲರನ್ನೂ ಕೂಡಿಸಿಕೊಂಡು ಯಾದಗಿರಿ ರಸ್ತೆಯಲ್ಲಿ ನಡುಬಿಸಿಲಿಗೆ ನಿಂತುಬಿಟ್ಟಿತು. ಗೇರು ಬೀಳುತ್ತಿರಲಿಲ್ಲ, ಎಸಿ ಸತ್ತಿತ್ತು. ಮನೆಗೆ ಬಂದ ಮೇಲೆ ಹೆಂಡತಿ ಏನೂ ಮಾತಾಡಲಿಲ್ಲ. ಮಾತಾಡಿದ್ದರೆ ಚಲೋ ಇತ್ತು. ಮುಂದಿನ ವಾರ ಗುರುನಾಥ ಸರ್ ಜೊತೆ ಹೋಗಿ ಅವರದೇ ಕೊರಿಯಾ ಗಾಡಿಯನ್ನು ಬುಕ್ ಮಾಡಿ ಬಂದೆ. ಹಳೆಯದನ್ನು ಶೋರೂಮಿನವರೇ ತೆಗೆದುಕೊಳ್ಳುವುದೆಂದು ಮಾತಾಯಿತು.

"ಮರೆಪ್ಪ ಸರ್‌ಗಿ ಹೇಳ್ರಿ ಮತ್ತ," ಎಂದು ಗುರುನಾಥ ಸರ್ ಬರುವಾಗ ಹೇಳಿದರು.

"ದವಾಖಾನಿಯಿಂದ ಬರಲಿ, ಹೇಳ್ತೀನಿ," ಅಂದೆ.

ಅವರು ಬಂದು ಎಂಟು ದಿನವಾಗಿತ್ತು. ನಾನು ಎರಡು ಸಲ ಹೋಗಿ ಕುಳಿತು ಎದ್ದು ಬಂದಿದ್ದೆ. ಒಂದು ಮುಂಜಾನೆ ಅವರದೇ ಫೋನ್ ಬಂತು. "ಸರ್, ಇವತ್ತ ಐತವಾರ ಅಲ್ಲ? ಗಾಡಿ ತಗೊಂಡು ಖಾಜಾ ಮಿಸ್ತ್ರಿ ಹತ್ರ ಬರ್ರಿ."

ಖಾಜಾ ಮಿಸ್ತ್ರಿಯ ಗ್ಯಾರೇಜು ಭೀಮರಾಯನಗುಡಿ ರಸ್ತೆಯಲ್ಲಿ. ಎರಡನೇ ಗೇರಿನಲ್ಲೇ ಎಳೆಯುತ್ತ ಹೋಗಿ ನೋಡಿದರೆ ಬೇವಿನ ಗಿಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮರೆಪ್ಪ ಸರ್, ತೊಡೆಯಿಂದ ಕೆಳಗೆ ಟವೆಲ್ ಹೊದ್ದುಕೊಂಡು. ಎದುರಿಗೆ ಅವರ ಗಾಡಿ ಜಾಕಿನ ಮೇಲಿತ್ತು. ಮುಂದಿನ ಎರಡೂ ಗಾಲಿ ಆಗಲೇ ತೆಗೆದಿದ್ದರು. ಬಾನೆಟ್ಟು ಗೋಡೆಗೆ ಆನಿಸಿತ್ತು.

"ಬರ್ರಿ ಸರ್. ಕ್ಲಚ್ ಒತ್ತೋ ಕಾಲೇ ಹೋದ ಮ್ಯಾಲ ಇನ್ನೇನು? ನಾನೇ ಮೊದಲು ಬಿಟ್ಟೆ. ಮಾತು ಮಾತೇ."

ಆಗ ಹೇಳಬೇಕಿತ್ತು. ಬೋಲ್ಟು ಇನ್ನೂ ಅರ್ಧ ಉಳಿದಿದ್ದವು. 'ಸರ್, ನಿಲ್ಲಸ್ರಿ, ನಾ ಬ್ಯಾರೆ ಗಾಡಿ ಬುಕ್ ಮಾಡೀನಿ' ಎಂದು ಹೇಳಿದ್ದರೆ ಖಾಜಾ ಮಿಸ್ತ್ರಿ ಸಂಜೆಯೊಳಗೆ ಎಲ್ಲ ತಿರುಗಿ ಕೂಡಿಸಿಬಿಡುತ್ತಿದ್ದ. ನಾನು ಕೀಲಿಕೈ ಮಿಸ್ತ್ರಿಯ ಕೈಗೆ ಕೊಟ್ಟು ಇನ್ನೊಂದು ಕುರ್ಚಿ ಎಳೆದುಕೊಂಡು ಕುಳಿತೆ. ಹೆದರಿಕೆಯೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಕೈಕಾಲು ಜೋಮು ಹಿಡಿದಾಗ ಆಗುತ್ತದಲ್ಲ, ಹಾಗೆ ಒಳಗೆಲ್ಲ ಆಗಿತ್ತು.

ಇಡೀ ದಿನ ಅವರ ಗಾಡಿಯಿಂದ ಬಿಚ್ಚಿ ನನ್ನದಕ್ಕೆ ಕೂಡಿಸಿದರು. ಗೇರ್ ಪೆಟ್ಟಿಗೆ, ಎಸಿಯದು, ದೀಪಗಳು, ಬಾಗಿಲಿನೊಳಗಿನ ಗಾಜು ಏರಿಸುವ ಯಂತ್ರ. ಒಂದೊಂದು ಬಂದಾಗಲೂ ಮರೆಪ್ಪ ಸರ್ ಕೈಗೆ ತೆಗೆದುಕೊಂಡು, ಬಟ್ಟೆಯಿಂದ ಒರೆಸಿ, ತಿರುಗಿಸಿ ನೋಡಿ ಕೆಳಗಿಡುತ್ತಿದ್ದರು. "ಮಿಸ್ತ್ರಿ, ಜರಾ ಸಾವಕಾಶ. ಇದು ಸರ್ ಗಾಡಿಗಿ ಹೋಗೋದದ," ಎನ್ನುತ್ತಿದ್ದರು. ಖಾಜಾ ಮಿಸ್ತ್ರಿಗೆ ಮನಸ್ಸಿರಲಿಲ್ಲ. "ಚಾಲೂ ಗಾಡಿ ಬಿಚ್ಚಾಕ ಕೈ ಬರವಲ್ದು ಸಾಬ್," ಎಂದು ಎರಡು ಸಲ ಬೋಲ್ಟು ಬಿಚ್ಚುವ ಪಾನಾ ಕೆಳಗಿಟ್ಟ. "ಬಿಚ್ಚು," ಎಂದರು ಮರೆಪ್ಪ ಸರ್. ಆಮೇಲೆ ನನ್ನ ಕಡೆ ತಿರುಗಿ ನಕ್ಕರು.

"ಕಾಲು ತಗದ್ರಲ್ಲ ಸರ್, ಅದನ್ನ ಯಾರಿಗೂ ಕೊಡಾಕ ಬರಲಿಲ್ಲ. ಇದನ್ನರೆ ಕೊಡಾಕ ಬಂತು."

ನಾನೂ ನಕ್ಕೆ. ಆ ನಗುವನ್ನು ನೆನೆದರೆ ನನ್ನ ಮೇಲೇ ನನಗೆ ಹೇಸಿಕೆ ಬರುತ್ತದೆ.

ಸಂಜೆ ನನ್ನ ಗಾಡಿ ಸ್ಟಾರ್ಟ್ ಮಾಡಿಸಿ, ಕಣ್ಣು ಮುಚ್ಚಿ ಸಪ್ಪಳ ಕೇಳಿದರು. "ಈಗ ಬರೋಬ್ಬರಿ ಆತು ನೋಡ್ರಿ. ಇನ್ನ ಹತ್ತು ವರ್ಷ ಫಿಕರ್ ಇಲ್ಲ ನಿಮಗ." ಅವರನ್ನು ಅದರಲ್ಲೇ ಮನೆಗೆ ಬಿಟ್ಟೆ. ಗೇರು ಬೆಣ್ಣೆಯಂತೆ ಬೀಳುತ್ತಿತ್ತು. ಇಳಿಯುವಾಗ ಬಾಗಿಲು ಹಾಕಿ, ಮೇಲೆ ಒಂದು ಸಲ ಕೈಯಾಡಿಸಿದರು. ನಾನು ಅವರನ್ನು ಎದ್ದು ಓಡಾಡುವ ಹಾಗೆ ನೋಡಿದ್ದು ಅದೇ ಕಡೆಯ ಸಲ, ಅದೂ ಊರುಗೋಲಿನ ಮೇಲೆ.

ಬುಕ್ ಮಾಡಿದ್ದನ್ನು ಬಿಡಬಹುದಿತ್ತು. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮನೆಯಲ್ಲಿ ಬಣ್ಣ ಆರಿಸಿಯಾಗಿತ್ತು, ಹೆಂಡತಿ ತನ್ನ ಅಕ್ಕನಿಗೆ ಹೇಳಿಯಾಗಿತ್ತು. ಇದು ಕಾರಣವೂ ಅಲ್ಲ. ನಾನು ಆ ಫೋನು ಮಾಡಲಿಲ್ಲ, ಅಷ್ಟೇ. ಇಪ್ಪತ್ತು ದಿನಕ್ಕೆ ಹೊಸದು ಬಂತು, ಹಳೆಯದನ್ನು ಕೊಟ್ಟೆ. ಶೋರೂಮಿನವನು ಒಂದು ಸುತ್ತು ಓಡಿಸಿ ಬಂದು, "ಗಾಡಿ ಬಾಳ ಚಲೋ ಇಟ್ಟೀರಿ ಸರ್" ಎಂದು ನನ್ನನ್ನು ಹೊಗಳಿದ. ಸಹಿ ಮಾಡಿ ಬಂದೆ. ಅದು ಈಗ ಯಾವ ಊರಿನಲ್ಲಿದೆಯೋ ಗೊತ್ತಿಲ್ಲ.

ಮರೆಪ್ಪ ಸರ್‌ಗೆ ಮತ್ತೆ ಹುಷಾರಿಲ್ಲದಾಯಿತು. ನೋಡಲು ಹೋದಾಗಲೆಲ್ಲ ಹೊಸ ಗಾಡಿಯನ್ನು ಎರಡು ಓಣಿ ಆಚೆ ನಿಲ್ಲಿಸಿ ನಡೆದು ಹೋಗುತ್ತಿದ್ದೆ. ಮಲಗಿದಲ್ಲಿಂದಲೇ "ಗಾಡಿ?" ಎನ್ನುತ್ತಿದ್ದರು. "ಮಸ್ತ್ ಅದ ಸರ್" ಎನ್ನುತ್ತಿದ್ದೆ. ದೀಪಾವಳಿಗೆ ಮುಂಚೆ ತೀರಿಕೊಂಡರು. ಕಕ್ಕೇರಾ ಕಡೆಯ ಅವರ ಊರಿನಲ್ಲಿ ಬಿಳಿ ಬಟ್ಟೆಯ ಮಂದಿ ಬುದ್ಧವಂದನೆ ಹೇಳಿ ಮಣ್ಣು ಕೊಟ್ಟರು. ನಾನೂ ಮೂರು ಹಿಡಿ ಹಾಕಿದೆ. ಅಳು ಬರಲಿಲ್ಲ. ಗಾಡಿಯನ್ನು ನೆರಳಿಗೆ ನಿಲ್ಲಿಸಿದ್ದೇನೋ ಬಿಸಿಲಿಗೋ ಎಂಬುದೇ ತಲೆಯಲ್ಲಿತ್ತು. ಗುರುನಾಥ ಸರ್ ಬಿಕ್ಕಿ ಬಿಕ್ಕಿ ಅತ್ತರು. ಅವರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಮೊನ್ನೆ ಬುಧವಾರ ಮರೆಪ್ಪ ಸರ್ ಅವರ ಹೆಂಡತಿ ನಾಗಕ್ಕ ಫೋನ್ ಮಾಡಿ ಕರೆದರು. ಎರಡು ಓಣಿ ಆಚೆ ಗಾಡಿ ಬಿಟ್ಟು ಹೋದೆ. ಚಹಾ ಕೊಟ್ಟು, ಹಳೆಯ ಲುಂಗಿಯಲ್ಲಿ ಸುತ್ತಿದ, ಗಾಡಿಯ ಒಂದು ಹಿಂಬದಿ ದೀಪ ತಂದು ಮುಂದಿಟ್ಟರು.

"ಕಪಾಟಿನಾಗ ಉಳದಿತ್ರಿ ಸರ್. ನಿಮ್ಮ ಗಾಡಿಗಿ ಬರ್ತದಂತ ತಗದಿಟ್ಟಿದ್ರು. ಗಾಡಿ ಚಲೋ ನಡ್ಯಾಕತ್ತದಲ್ರಿ?"

"ಹೌದ್ರಿ ಅಕ್ಕಾ."

ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

"ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅವರು ಇದ್ದಾಗ ಮನಿ ಕೆಲಸ, ಮಕ್ಕಳು ಅಂತ ನಾ ಆ ಗಾಡ್ಯಾಗ ನಾಕು ಸಲನೂ ಕುಂತಿಲ್ಲ. ಅರ್ಧಕ್ಕರ್ಧ ನಿಮ್ಮದ್ರಾಗ ಅದ ಅಂತ ಹೇಳ್ತಿದ್ರು. ಒಂದ್ಸಲ ವನದುರ್ಗ ತನಕ, ನಮ್ಮ ತವರುಮನಿಗಿ, ಅದರಾಗ ಕರಕೊಂಡು ಹೋಗಿ ಬರ್ತೀರೇನ್ರಿ? ಸುಮ್ನ ಕುಂತು ಬರ್ತೀನಿ."

ಲೋಟ ಕೆಳಗಿಟ್ಟೆ. "ಆಗಲ್ರಿ ಅಕ್ಕಾ, ಐತವಾರ ತರ್ತೀನಿ" ಎಂದೆ.

ಇವತ್ತು ಶನಿವಾರ.