ಓದದೆ ಉಳಿದ ಬೀಳ್ಕೊಡುಗೆ ಭಾಷಣ

ಅನಗೋಳದ ಮನೆಯಲ್ಲಿ ಮೊನ್ನೆ ಕಪಾಟು ಝಾಡಿಸುವಾಗ ಹಳೆಯ ಡಿಕ್ಷನರಿಯಿಂದ ಅರ್ಧ ಹಾಳೆಯೊಂದು ಜಾರಿ ಬಿತ್ತು. ನೀಲಿ ಅಕ್ಷರಗಳು ಮಾಸಿವೆ. ಅವುಗಳ ಮೇಲೆ ನಾನು ಎಳೆದ ಕೆಂಪು ಗೆರೆ ಮಾತ್ರ ಮಾಸಿಲ್ಲ. ನನ್ನ ಕೆಲಸ ಅಷ್ಟು ಗಟ್ಟಿ.

ಆ ಹಾಳೆ ಬರೆದವರು ಖಾನಾಪುರದ ನಮ್ಮ ಹೈಸ್ಕೂಲಿನ ಸಿಪಾಯಿ. ದಿನಾ ಗುಂಜಿಯಿಂದ ರೈಲಿನಲ್ಲಿ ಬಂದು ಗಂಟೆ ಬಾರಿಸುತ್ತಿದ್ದರು. ನಾನು ಇಂಗ್ಲಿಷ್ ಮಾಸ್ತರ. ಇಡೀ ತಾಲೂಕಿನಲ್ಲಿ ಆ ಭಾಷೆಯ ಮಾನ ಕಾಯಲು ನೇಮಕಗೊಂಡವನೆಂದು ನನ್ನ ತಿಳುವಳಿಕೆ. ನಿವೃತ್ತರಾಗುವವರು ಬೀಳ್ಕೊಡುಗೆಯಲ್ಲಿ ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡುವುದು ನಮ್ಮ ಶಾಲೆಯ ಪದ್ಧತಿ. ಅದು ಮಾಸ್ತರರಿಗೆ ಮಾತ್ರವೆಂದು ಯಾರೂ ಬರೆದಿಟ್ಟಿರಲಿಲ್ಲ.

ತಮ್ಮ ಸರದಿ ಬಂದಾಗ ಅವರು ಈ ಹಾಳೆ ತಂದುಕೊಟ್ಟರು.

"ಸರ, ಅಷ್ಟ್ ತಿದ್ದಿ ಕೊಡ್ರಿ. ಎಲ್ಲಾರ ಭಾಷಣಕ್ಕೂ ಖುರ್ಚಿ ಹಾಕೀನಿ, ಒಮ್ಮೆ ನಾನೂ ಮಾತಾಡತೀನಿ."

ಕೊನೆಯ ಗಂಟೆ ಬಾರಿಸುವುದು ಮೊದಲ ಗಂಟೆಗಿಂತ ಕಷ್ಟ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಆದರೆ 'ಮೋರ್ ಹಾರ್ಡರ್' ಎಂದಿದ್ದರು. ಹಾರ್ಡರ್ ಎಂದರೇ ಹೆಚ್ಚು ಕಷ್ಟ. ಅದರ ಹೆಗಲ ಮೇಲೆ ಇನ್ನೊಂದು ಮೋರ್ ಹೇರುವಂತಿಲ್ಲ. ಒಂದು ಶಬ್ದ ಹೊಡೆದುಹಾಕಿ ಕೊಟ್ಟಿದ್ದರೆ ಮುಗಿಯುತ್ತಿತ್ತು... ನಾನು ಸ್ಟಾಫ್‌ರೂಮಿನ ನಡುವೆ ನಿಂತು, ಶೋಕಸಭೆಯ ಗಾಂಭೀರ್ಯದಿಂದ, ಆ ವಾಕ್ಯವನ್ನು ಎಲ್ಲರಿಗೂ ಓದಿ ಹೇಳಿದೆ.

"ಎರಡೆರಡ ಸಲ ಬಾರಿಸ್ಯಾನ ನೋಡ್ರಿ ಗಂಟಿ!" ಎಂದರು ಗಣಿತದ ಮಾಸ್ತರರು. ನಗು ಮೇಲೇರಿತು. ಬಾಗಿಲಲ್ಲಿ ಸಿಪಾಯಿ ಚಹಾದ ಕಿಟ್ಲಿ ಹಿಡಿದು ನಿಂತಿದ್ದರು. ಒಳಗೆ ಬಂದು ಮೊದಲ ಕಪ್ ನನಗೇ ಕೊಟ್ಟರು.

ಬೀಳ್ಕೊಡುಗೆಯ ದಿನ ಹೆಸರು ಕರೆದಾಗ ಎದ್ದು ಕೈಮುಗಿದರು.

"ನನಗೇನ್ ಬರತೈತ್ರಿ... ನನ್ನ ಪರವಾಗಿ ಇಂಗ್ಲಿಷ್ ಸರ ಮಾತಾಡ್ತಾರ."

ನಾನು ಮಾತಾಡಿದೆ. ಪೂರ್ತಿ ಎರಡು ನಿಮಿಷ, ಒಂದೂ ತಪ್ಪಿಲ್ಲದೆ. ಮೊದಲು ಚಪ್ಪಾಳೆ ತಟ್ಟಿದವರೂ ಅವರೇ.

ಹಾಳೆಯನ್ನು ಅವರು ಮತ್ತೆ ಕೇಳಲಿಲ್ಲ, ನಾನು ಕೊಡಲಿಲ್ಲ. ಗುಂಜಿಗೆ ಒಮ್ಮೆ ಹೋಗಿ ಬರಬೇಕು ಎನ್ನುತ್ತಲೇ ವರ್ಷಗಳು ಹೋದವು... ಕಳೆದ ಮಳೆಗಾಲದಲ್ಲಿ ಅವರೂ ಹೋದರು. ಸುದ್ದಿ ಕೇಳಿದ ದಿನ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಿದ್ದುವುದನ್ನು ನಿಲ್ಲಿಸಲಿಲ್ಲ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಬರುವ ಶನಿವಾರ ನನ್ನದೇ ಬೀಳ್ಕೊಡುಗೆ. ಭಾಷಣ ಬರೆದು ಮೂರು ಸಲ ಓದಿದೆ. ತಪ್ಪೊಂದೂ ಸಿಗಲಿಲ್ಲ. ಕೊನೆಯ ಗಂಟೆಯಂಥ ಮಾತೂ ಒಂದು ಸಿಗಲಿಲ್ಲ. ಅವರದನ್ನೇ ಎತ್ತಿಕೊಳ್ಳೋಣವೆಂದರೆ, ಅದನ್ನು ಆಡಬೇಕಾಗಿದ್ದ ಬಾಯಿ ಮುಚ್ಚಿಸಿದವನೇ ನಾನು.

ಹಾಳೆಯನ್ನು ಡಿಕ್ಷನರಿಯಲ್ಲೇ ಇಟ್ಟೆ. ತಿದ್ದಿಯೇನೋ ಆಗಿದೆ... ಇನ್ನು ಕೊಡುವುದು ಯಾರಿಗೆ?