ಗೋಡೆಯ ಹೊರಗಿನಿಂದ ಬಂದ ಉತ್ತರ

ಇದನ್ನು ಓದಿದವರು ನನ್ನ ಬುದ್ಧಿಯ ಬಗ್ಗೆ ಸಂಶಯಪಡಬಹುದು. ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಮುಗಿಸಿದವನು ನಾನು, ಪ್ರತಿಯೊಂದು ಮಾತನ್ನೂ ತೂಗಿ ಬರೆಯುವುದು ನನಗೆ ಅಭ್ಯಾಸ. ಇಲ್ಲಿ ಕಲ್ಪಿಸಿ ಸೇರಿಸಿದ್ದು ಒಂದಕ್ಷರವೂ ಇಲ್ಲ.

ಯುದ್ಧದ ಕಾಲ. ಮೃತರ ಸ್ಮರಣೆಯ ದಿನ. ಹುಬ್ಬಳ್ಳಿಯ ನಮ್ಮ ಇಗರ್ಜಿಯಲ್ಲಿ ಸಂಜೆ ಪಾದ್ರಿಗಳು ತೀರಿಹೋದವರ ಹೆಸರುಗಳನ್ನು ಕರೆದರು. ಸಂತಾನ ಮಾಸ್ತರರ ಹೆಸರು ಬರಲಿಲ್ಲ. ಬರಲಾರದೆಂದು ಗೊತ್ತಿದ್ದೂ ಕೊನೆಯವರೆಗೆ ಕಾದೆ...

ಮಾಸ್ತರರು ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್. ಸಂಜೆ ಕೂಲಿಕಾರರ ಮಕ್ಕಳಿಗೆ ಜಪ ಕಲಿಸುತ್ತಿದ್ದರು. ನನಗೆ ದೇವರ ಪರಿಚಯ ಮಾಡಿಸಿದವರು ಅವರೇ. ಜಪದ ಕೊನೆಗೆ 'ಪಾಪಿಗಳಾದ ನಮಗಾಗಿ, ಈಗಲೂ ನಮ್ಮ ಮರಣದ ಸಮಯದಲ್ಲಿಯೂ ಪ್ರಾರ್ಥಿಸು' ಎನ್ನುವಲ್ಲಿ ನಾನು ಯಾವಾಗಲೂ 'ನನ್ನ' ಎಂದು ತಪ್ಪುತ್ತಿದ್ದೆ.

"ನನ್ನ ಅಲ್ಲಲೇ, ನಮ್ಮ ಅನ್ನು! ನೀ ಒಬ್ಬನ ಸಾಯಾಂವೇನು?" ಎಂದು, ಮೂಗಿಗೇರಿಸುವ ತಪಕೀರು ಅಂಟಿದ ಬೆರಳುಗಳಿಂದ ಕಿವಿ ಹಿಂಡುತ್ತಿದ್ದರು.

ಮುಂದೆ ಕಾರ್ಖಾನೆಯ ಮುಷ್ಕರದಲ್ಲಿ ಅವರು ಕೂಲಿಕಾರರ ಜೊತೆ ನಿಂತರು. ಪಾದ್ರಿಗಳು ಗದರಿಸಿದರು, ಮಾಸ್ತರರು ಇಗರ್ಜಿಗೆ ಬರುವುದನ್ನೇ ಬಿಟ್ಟರು. ಕಾಯಿಲೆ ಬಿದ್ದಾಗ ಜಪ ಕಲಿತ ಒಂದು ಮನೆಯಿಂದಲೂ ಯಾರೂ ಅವರನ್ನು ನೋಡಲು ಹೋಗದಂತೆ ಇಗರ್ಜಿಯ ಹಿರಿಯರು ನೋಡಿಕೊಂಡರು. ಸಾಯುವ ಮುನ್ನ ಪಾದ್ರಿಗಳು ಕೊಡುವ ಕೊನೆಯ ಸಂಸ್ಕಾರವಿಲ್ಲದೆ ಸತ್ತವರೆಂದು ಅವರನ್ನು ಸಮಾಧಿಭೂಮಿಯ ಗೋಡೆಯ ಹೊರಗೆ ಹೂಳಿದರು. ಧಾರವಾಡದ ಕಾಲೇಜಿನಲ್ಲಿದ್ದ ನನಗೆ ಸುದ್ದಿ ತಲುಪಿದ್ದು ಎಲ್ಲವೂ ಮುಗಿದ ಮೇಲೆ.

ಒಳಗೆ ಸಿಗದ ಪ್ರಾರ್ಥನೆಯನ್ನು ಹೊರಗಾದರೂ ಮುಟ್ಟಿಸಬೇಕೆಂದು, ಕತ್ತಲಾಗುತ್ತಲೇ ಗಬ್ಬೂರ ದಾರಿ ಹಿಡಿದೆ. ಸಮಾಧಿಭೂಮಿಯ ಕಾವಲುಗಾರ ಇಮಾಮಸಾಬ ಬಾಗಿಲಲ್ಲೇ ಕೂತಿದ್ದ.

"ಒಳಗ ಬರ್ರಿ ಸಾಹೇಬ್ರ, ಮೇಣಬತ್ತಿ ಎಲ್ಲಾ ಒಳಗ ಹಚ್ಯಾರ."

"ನಮ್ಮವ್ರು ಹೊರಗ ಅದಾರ, ಕಾಕಾ."

"ಮಾಸ್ತರ ಏನ್ರಿ?" ಅವನು ನಕ್ಕ. "ಒಳಗಿನವ್ರನ್ನ ಕಾಯಾಕ ಗೋಡಿ ಐತಿ. ಹೊರಗಿನವ್ರಿಗೆ ನಾ ಒಬ್ಬಾಂವ."

ಗೋಡೆಯ ಹಿಂಬದಿಯಲ್ಲಿ ಎರೆಮಣ್ಣಿನ ಸಣ್ಣ ದಿಬ್ಬ. ಮೇಣಬತ್ತಿ ಹಚ್ಚಿ ಮೊಣಕಾಲೂರಿದೆ. ನಮ್ಮ ಜಪದಲ್ಲಿ ಮೊದಲರ್ಧವನ್ನು ಒಬ್ಬರು ಹೇಳಿದರೆ, ಉಳಿದರ್ಧವನ್ನು ಇತರರು ಹೇಳುವುದು ಪದ್ಧತಿ. ನನ್ನ ಅರ್ಧ ಮುಗಿಯಿತು. ಉಳಿದುದನ್ನೂ ನಾನೇ ಹೇಳಬೇಕಷ್ಟೇ ಎಂದು ಉಸಿರೆಳೆದುಕೊಂಡೆ...

ತಪಕೀರಿನ ವಾಸನೆ. ಅದರೊಡನೆ ಯಂತ್ರದ ಎಣ್ಣೆಯ ವಾಸನೆ. ನನ್ನ ಮೊಣಕಾಲಿನ ಹತ್ತಿರ, ಬಹಳ ಕೆಳಗಿನಿಂದ, ಒಣಗಿದ ಗಂಟಲಿನ ಒಂದು ದನಿ:

"ಪಾಪಿಗಳಾದ ನಮಗಾಗಿ... ಈಗಲೂ..."

ದನಿ ತಡೆಯಿತು. ಬತ್ತಿಯ ಉರಿ ಅಲುಗಲಿಲ್ಲ.

"...ನನ್ನ ಮರಣದ ಸಮಯದಲ್ಲಿಯೂ."

ಭಯಕ್ಕಿಂತ ಮೊದಲು ನನಗೆ ಬಂದದ್ದು ಅಳು. "ಮಾಸ್ತರ್ರ... ನಮ್ಮ ಅನ್ರಿ," ಎಂದೆ.

ಆಮೇಲೆ, ಅದೇ ಕಿವಿ ಹಿಂಡುವ ದನಿಯಲ್ಲಿ:

"ನಾ ಸಾಯೂ ಮುಂದ ಯಾರ್ ಬಂದಿದ್ರಲೇ?"

ಹೇಗೆ ಎದ್ದೆನೋ ತಿಳಿಯದು. ಬಾಗಿಲಿನ ಬಳಿ ಇಮಾಮಸಾಬ ಎದ್ದು ನಿಂತಿದ್ದ, ನಗುತ್ತಿರಲಿಲ್ಲ.

"ಕಾಕಾ, ದನಿ... ಕೇಳ್ತೇನು?"

"ಸುರುವಿಂದ ಕಡೀತನಕ ಮಾಸ್ತರ ದನೀನ ಕೇಳ್ತ್ರಿ," ಎಂದ ಮೆಲ್ಲಗೆ. "ನಿಮ್ದ ಕೇಳ್ಲಿಲ್ಲ."

ಈಗಲೂ ಭಾನುವಾರ ಇಗರ್ಜಿಗೆ ಹೋಗುತ್ತೇನೆ. ಮಾಸ್ತರರ ಮನೆಗೆ ಯಾರನ್ನೂ ಬಿಡದ ಆ ಹಿರಿಯರು ಮುಂದಿನ ಸಾಲಿನಲ್ಲಿ ಗಟ್ಟಿಯಾಗಿ 'ನಮ್ಮ' ಎನ್ನುತ್ತಾರೆ. ಆ ಪದ ಬಂದಾಗ ನಾನು ತುಟಿ ಬಿಗಿಹಿಡಿಯುತ್ತೇನೆ. ಬಾಯಿ ತೆರೆದರೆ ಯಾವ ಪದ ಹೊರಡುತ್ತದೋ... ಯಾರ ದನಿಯಲ್ಲಿ ಹೊರಡುತ್ತದೋ...